ಕಾಲಿಲ್ಲದ ಹಕ್ಕಿ

ನಮ್ಮ ಶಾಲೆಯ ಎಂಟನೇ ಇಯತ್ತೆಯ ಗೋಡೆಯ ಮೇಲೆ ಎಲ್ಲ ದೇಶಗಳ ಬಾವುಟಗಳಿರುವ ಒಂದು ಹಳೆಯ ಪಟ ತೂಗುಹಾಕಿದೆ. ಬಣ್ಣ ಮಾಸಿದೆ, ಕೆಳಗಿನ ಕೋಲು ಮುರಿದಿದೆ. ಹೊಸದು ತರಿಸೋಣವೆಂದು ಪ್ರತಿ ಜೂನ್ ತಿಂಗಳಲ್ಲಿ ಅಂದುಕೊಳ್ಳುತ್ತೇವೆ, ಪ್ರತಿ ಏಪ್ರಿಲ್‌ನಲ್ಲಿ ಮರೆಯುತ್ತೇವೆ. ಒಂದು ದಿನ ಸಮಾಜ ಪಾಠದ ನಡುವೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಆ ಕೆಂಪು-ಕರಿ ಬಾವುಟದಾಗ ಇರೂ ಹಕ್ಕಿ ಯಾವುದ್ರೀ? ನವಿಲೇನ್ರೀ?" ಎಂದು ಕೇಳಿದಳು.

ಹತ್ತಿರ ಹೋಗಿ ನೋಡಿದೆ. ಪಾಪುವಾ ನ್ಯೂಗಿನಿ ಎಂದು ಬರೆದಿತ್ತು. ಹಕ್ಕಿ ನವಿಲಲ್ಲ ಎಂಬುದಷ್ಟೇ ನನಗೆ ಗೊತ್ತು. ಮೂವತ್ತು ವರ್ಷ ಪಾಠ ಮಾಡಿದವಳಿಗೆ "ಗೊತ್ತಿಲ್ಲ" ಎನ್ನುವುದು ಅಷ್ಟು ಸುಲಭವಲ್ಲ. "ನಾಳೆ ಹೇಳ್ತೀನಿ, ಕೂಡು" ಎಂದೆ. ಆ ನಾಳೆ ಬರಲು ಮೂರು ವಾರ ಹಿಡಿಯಿತು. ಶಾಲೆಯ ವಿಶ್ವಕೋಶದಲ್ಲಿ ಅರ್ಧ ಪುಟವಿತ್ತು, ಕಾಲೇಜಿನ ಗ್ರಂಥಾಲಯದಲ್ಲಿ ಎರಡು ಪುಸ್ತಕ ಸಿಕ್ಕವು. ಸಂಜೆ ಅಡಿಗೆ ಮುಗಿಸಿ ಓದುತ್ತ ಕುಳಿತೆ. ಓದಿದಷ್ಟೂ ಅದು ಹಕ್ಕಿಯ ಕಥೆ ಮಾತ್ರವಲ್ಲ ಎನ್ನಿಸತೊಡಗಿತು.

ಅದು ಸ್ವರ್ಗದ ಹಕ್ಕಿ. ಆಸ್ಟ್ರೇಲಿಯಾದ ಉತ್ತರಕ್ಕಿರುವ ನ್ಯೂಗಿನಿ ಎಂಬ ದೊಡ್ಡ ದ್ವೀಪ, ಅದರ ಮಗ್ಗುಲಿನ ಅರು ಮೊದಲಾದ ಸಣ್ಣ ದ್ವೀಪಗಳು ಇದರ ತವರು. ಈ ಹಕ್ಕಿಗಳ ವಂಶ ದೊಡ್ಡದು, ನಲವತ್ತಕ್ಕೂ ಹೆಚ್ಚು ಬಗೆ. ಆದರೆ ಚಿತ್ರಗಳಲ್ಲಿ ನಾವು ನೋಡುವ, ಪಕ್ಕೆಯಿಂದ ಕಾರಂಜಿಯಂತೆ ಗರಿ ಚಿಮ್ಮಿದ ಹಕ್ಕಿಗಳದು ಪ್ಯಾರಡೈಸಿಯ ಎಂಬ ಒಂದು ಸಣ್ಣ ಕುಲ. ಅದರಲ್ಲಿರುವುದು ಆರೇಳು ಪ್ರಭೇದ ಮಾತ್ರ. ಒಂದರ ಗರಿ ಬಂಗಾರದ ಹಳದಿ, ಒಂದರದು ಕುಂಕುಮಗೆಂಪು, ಇನ್ನೊಂದರದು ಕೇಸರಿ, ಮತ್ತೊಂದರದು ನೀಲಿ. ಈ ಸಿಂಗಾರವೆಲ್ಲ ಗಂಡಿಗೆ. ಹೆಣ್ಣು ಕಂದು ಬಣ್ಣದ ಸಾದಾ ಹಕ್ಕಿ, ನಮ್ಮ ಹಿತ್ತಲಿಗೆ ಬಂದರೂ ಯಾರೂ ತಿರುಗಿ ನೋಡಲಿಕ್ಕಿಲ್ಲ. ಗಂಡುಗಳೆಲ್ಲ ಒಂದು ಗೊತ್ತಾದ ಮರದಲ್ಲಿ ಸೇರಿ ರೆಕ್ಕೆ ಬಿಚ್ಚಿ, ಗರಿ ಕೆದರಿ, ಕೂಗಿ ಕುಣಿಯುತ್ತವೆ. ಹೆಣ್ಣು ಬಂದು ಸುಮ್ಮನೆ ಕುಳಿತು ನೋಡುತ್ತದೆ, ತನಗೆ ಮೆಚ್ಚಿಗೆಯಾದದ್ದನ್ನು ಆರಿಸಿಕೊಳ್ಳುತ್ತದೆ. ಆಮೇಲೆ ಗೂಡು ಕಟ್ಟುವುದು, ಕಾವು ಕೊಡುವುದು, ಮರಿಗಳಿಗೆ ಉಣಿಸುವುದು ಎಲ್ಲ ಅವಳೊಬ್ಬಳೇ. ಕುಣಿದವನು ಮತ್ತೆ ಕುಣಿಯಲು ಹೋಗಿರುತ್ತಾನೆ!

ಈ ಹಕ್ಕಿಯ ಹೆಸರು ಯುರೋಪಿನಲ್ಲಿ ಹಬ್ಬಿದ್ದು 1522ರಲ್ಲಿ. ಮೆಗೆಲನ್ ಐದು ಹಡಗು ಕಟ್ಟಿಕೊಂಡು 1519ರಲ್ಲಿ ಹೊರಟದ್ದನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಅವನು ದಾರಿಯಲ್ಲೇ ಸತ್ತ. ಮೂರು ವರ್ಷದ ಮೇಲೆ 'ವಿಕ್ಟೋರಿಯಾ' ಎಂಬ ಒಂದೇ ಹಡಗು, ಹದಿನೆಂಟು ಮಂದಿ ಬಳಲಿದ ಯುರೋಪಿಯನ್ನರನ್ನು ಹೊತ್ತು ಸ್ಪೇನಿಗೆ ಮರಳಿತು. ಲವಂಗದ ಚೀಲಗಳ ಜೊತೆ ಅದರಲ್ಲಿ ಕೆಲವು ಸತ್ತ ಹಕ್ಕಿಗಳಿದ್ದವು. ಮೊಲುಕ್ಕಾ ದ್ವೀಪಗಳ ಬಚಾನ್ ಎಂಬಲ್ಲಿನ ಸುಲ್ತಾನ ಸ್ಪೇನಿನ ದೊರೆಗೆಂದು ಕೊಟ್ಟ ಕಾಣಿಕೆ ಅದು.

ಆ ಹಡಗಿನಲ್ಲಿದ್ದ ಪಿಗಾಫೆಟ್ಟಾ ಎಂಬ ಇಟಲಿಯವನು ದಿನಚರಿ ಬರೆದಿಟ್ಟಿದ್ದ. ಅಲ್ಲಿನ ಜನ ಈ ಹಕ್ಕಿಯನ್ನು 'ಬೊಲೊನ್ ದಿವಾತಾ' ಎನ್ನುತ್ತಾರೆ, ದೇವರ ಹಕ್ಕಿ ಎಂದರ್ಥ ಎಂದು ಅದರಲ್ಲಿದೆ. ಇದನ್ನು ಓದಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಕುಳಿತೆ. ಮಲಯ ಭಾಷೆಯಲ್ಲಿ 'ಬುರುಂಗ್' ಎಂದರೆ ಹಕ್ಕಿ. 'ದೇವಾತಾ' ಎಂದರೇನೆಂದು ನನಗಾಗಲಿ ನಿಮಗಾಗಲಿ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ದೇಶದ ವ್ಯಾಪಾರಿಗಳ, ಪಂಡಿತರ ಜೊತೆ ಎಷ್ಟೋ ನೂರು ವರ್ಷಗಳ ಹಿಂದೆ ಹಡಗೇರಿ ಹೋದ ಶಬ್ದ, ಅಷ್ಟು ದೂರದ ಕಾಡಿನ ಒಂದು ಹಕ್ಕಿಯ ಹೆಸರಾಗಿ ಕುಳಿತಿತ್ತು.

ದೇವತೆ ಎಂದು ಹೆಸರಿಟ್ಟ ಮೇಲೆ ಕೇಳಬೇಕೆ, ಕಥೆ ಬೆಳೆಯಿತು. ಹಡಗಿನಿಂದ ಇಳಿದವರನ್ನು ಮಾತಾಡಿಸಿ ಮ್ಯಾಕ್ಸಿಮಿಲಿಯಾನಸ್ ಎಂಬವನು ಬರೆದ ಪತ್ರ 1523ರಲ್ಲಿ ಅಚ್ಚಾಯಿತು. ಈ ಹಕ್ಕಿ ನೆಲಕ್ಕೆ ಇಳಿಯುವುದೇ ಇಲ್ಲ ಎಂದು ಅದರಲ್ಲಿತ್ತು. ಮುಂದೆ ಬಂದ ಹಕ್ಕಿಗಳ ಚರ್ಮಗಳಿಗೆ ಕಾಲು ಇರಲಿಲ್ಲ. ಕಾಲಿಲ್ಲದ ಮೇಲೆ ಕೂಡುವುದೆಲ್ಲಿ? ಆದ್ದರಿಂದ ಇದು ಹುಟ್ಟಿನಿಂದ ಸಾಯುವ ತನಕ ಆಕಾಶದಲ್ಲೇ ಇರುತ್ತದೆ, ಸತ್ತಾಗ ಮಾತ್ರ ನೆಲಕ್ಕೆ ಬೀಳುತ್ತದೆ ಎಂದರು. ತಿನ್ನುವುದೇನನ್ನು? ಇಬ್ಬನಿಯನ್ನು. ಮೊಟ್ಟೆ ಇಡುವುದೆಲ್ಲಿ? ಗಂಡಿನ ಬೆನ್ನಿನ ತಗ್ಗಿನಲ್ಲಿ. ಅನ್ನ ಬೇಡ, ನೆರಳು ಬೇಡ, ಕೂಡಲು ಒಂದು ಟೊಂಗೆಯೂ ಬೇಡ. ಎಂಥ ಪವಿತ್ರ ಜೀವ!

ಇದನ್ನೆಲ್ಲ ಹೇಳಿದವರು ಅಡ್ಡಾಡುವ ಜನರಲ್ಲ. ಸ್ವಿಟ್ಜರ್ಲೆಂಡಿನ ಮಹಾಪಂಡಿತ ಗೆಸ್ನರ್ 1555ರ ತನ್ನ ಪಕ್ಷಿ ಸಂಪುಟದಲ್ಲಿ ಕಾಲಿಲ್ಲದ ಹಕ್ಕಿಯ ಚಿತ್ರವನ್ನೇ ಹಾಕಿದ. 1598ರಲ್ಲಿ ಡಚ್ಚರು ದಕ್ಷಿಣದ ಆಕಾಶದ ಒಂದು ನಕ್ಷತ್ರಪುಂಜಕ್ಕೂ ಈ ಹಕ್ಕಿಯನ್ನು ಏರಿಸಿಬಿಟ್ಟರು. ನಮ್ಮೂರಿಗೆ ಕಾಣದಷ್ಟು ದಕ್ಷಿಣದಲ್ಲಿರುವ ಆ ಪುಂಜಕ್ಕೆ ಇಂದಿಗೂ 'ಏಪಸ್' ಎಂದೇ ಹೆಸರು, ಗ್ರೀಕಿನಲ್ಲಿ ಕಾಲಿಲ್ಲದ್ದು ಎಂದರ್ಥ.

ತಮಾಷೆಯೆಂದರೆ, ಪಿಗಾಫೆಟ್ಟಾ ಮೊದಲೇ ಸತ್ಯ ಬರೆದಿದ್ದ. ತಾನು ನೋಡಿದ ಹಕ್ಕಿಗೆ ಗೇಣುದ್ದದ, ಲೇಖಣಿಯಷ್ಟು ಸಣ್ಣ ಕಾಲಿದ್ದವು ಎಂದು ಅವನ ದಿನಚರಿಯಲ್ಲಿದೆ. ಸಮುದ್ರ ದಾಟಿ ಹೋಗಿ ಕಣ್ಣಾರೆ ಕಂಡವನ ಮಾತು ಅದು. ಆದರೆ 1599ರಲ್ಲಿ ಇಟಲಿಯಲ್ಲೇ ಕುಳಿತು ಬರೆದ ಅಲ್ಡ್ರೊವಾಂಡಿ ಎಂಬ ಇನ್ನೊಬ್ಬ ಪಂಡಿತ ಅದನ್ನು ಸುಳ್ಳೆಂದು ತಳ್ಳಿಹಾಕಿದ. ಕಡೆಗೆ 1605ರಲ್ಲಿ ಕ್ಲೂಸಿಯಸ್ ಎಂಬವನು, ಕಾಲಿರುವ ಹಕ್ಕಿಗಳೂ ಹಾಲೆಂಡಿಗೆ ಬಂದಿವೆ, ಹಿಡಿಯುವವರೇ ಅವುಗಳ ಕಾಲು ಕತ್ತರಿಸುತ್ತಾರೆ ಎಂದು ಬರೆದ. 1522ರಿಂದ ಎಣಿಸಿದರೆ ಎಂಬತ್ತಮೂರು ವರ್ಷ. ಅದಾದ ಮೇಲೂ ಕಥೆಯೇನೂ ನಿಲ್ಲಲಿಲ್ಲ. 1758ರಲ್ಲಿ ಲಿನಿಯಸ್ ಜೀವಿಗಳಿಗೆಲ್ಲ ಶಾಸ್ತ್ರೀಯ ಹೆಸರು ಕೊಡುವಾಗ, ಕಾಲಿರುವುದು ತಿಳಿದಿದ್ದೂ, ಹಳೆಯ ಕಥೆಯ ನೆನಪಿಗೆಂದು ದೊಡ್ಡ ಹಕ್ಕಿಗೆ 'ಪ್ಯಾರಡೈಸಿಯ ಅಪೋಡಾ' ಎಂದಿಟ್ಟ. ಕಾಲಿಲ್ಲದ ಸ್ವರ್ಗದ ಹಕ್ಕಿ. ಇಂದಿನ ಪುಸ್ತಕಗಳಲ್ಲೂ ಅದೇ ಹೆಸರಿದೆ.

ಕಾಲು ಹೋದದ್ದು ಹೇಗೆ? ಅದನ್ನು ವಿವರವಾಗಿ ಬರೆದವನು ವಾಲೇಸ್. ಡಾರ್ವಿನ್ ಜೊತೆ ಜೀವವಿಕಾಸದ ತತ್ವ ಹೇಳಿದನಲ್ಲ, ಅವನೇ. 1857ರಲ್ಲಿ ಆತ ಅರು ದ್ವೀಪಗಳಲ್ಲಿ ತಿಂಗಳುಗಟ್ಟಲೆ ಇದ್ದ. ಹಕ್ಕಿಗಳು ಕುಣಿಯುವ ಮರದಲ್ಲಿ ಬೇಟೆಗಾರ ಎಲೆಯ ಗುಡಾರ ಕಟ್ಟಿ ನಸುಕಿಗೆ ಮುಂಚೆ ಅಡಗಿ ಕೂಡುತ್ತಾನೆ. ಕೆಳಗೆ ಒಬ್ಬ ಹುಡುಗ ಕಾಯುತ್ತಿರುತ್ತಾನೆ. ಬಾಣದ ತುದಿ ಚೂಪಲ್ಲ, ಮೊಂಡು. ರಕ್ತ ಬಂದರೆ ಗರಿ ಕೆಡುತ್ತದಲ್ಲ! ಬಿದ್ದ ಹಕ್ಕಿಯ ರೆಕ್ಕೆ ಮತ್ತು ಕಾಲು ಕತ್ತರಿಸಿ, ಚರ್ಮ ಸುಲಿದು, ತಲೆಬುರುಡೆ ತೆಗೆದು, ಒಂದು ಕಡ್ಡಿ ಚುಚ್ಚಿ, ಎಲೆಯಲ್ಲಿ ಸುತ್ತಿ ಹೊಗೆಯಲ್ಲಿ ಒಣಗಿಸುತ್ತಾರೆ. ಕೊಳ್ಳುವವರಿಗೆ ಬೇಕಾದದ್ದು ಗರಿ. ಕಾಲಿನಿಂದ ಯಾರಿಗೇನು ಉಪಯೋಗ?

ಅಲ್ಲಿಗೆ ಪುಸ್ತಕ ಮುಚ್ಚಿದೆ. ನನಗೆ ಅವ್ವನ ನೆನಪಾಯಿತು.

ನಮ್ಮದು ಹದಿನಾಲ್ಕು ಜನರ ಮನೆ. ಮೂರು ಹೊತ್ತಿನ ರೊಟ್ಟಿ ಅವ್ವನ ಕೈಯಿಂದಲೇ. ಎಲ್ಲರದೂ ಆದ ಮೇಲೆ ಅಡಿಗೆಮನೆಯ ಮೂಲೆಯಲ್ಲಿ ಮುರುಕು ರೊಟ್ಟಿ, ಶೇಂಗಾ ಹಿಂಡಿ, ಉಳಿದಿದ್ದರೆ ಮಜ್ಜಿಗೆ. ಊರಿನವರು ಬಂದಾಗ ನಮ್ಮ ಅಜ್ಜಿ ಅಭಿಮಾನದಿಂದ ಹೇಳುತ್ತಿದ್ದಳು: "ನಮ್ಮ ಸೊಸಿ ದೇವತಿ ಅದಾಳ್ರೀ. ಒಂದಿನ ಹಸಿವು ಅಂದಾಕಿ ಅಲ್ಲ, ಒಂದಿನ ಕುಂತಾಕಿ ಅಲ್ಲ." ಅಪ್ಪನೂ ತಲೆದೂಗುತ್ತಿದ್ದರು. ನಮಗೂ ಹೆಮ್ಮೆಯೇ. ನಾನು ಬಿ.ಎ. ಓದುವಾಗ ಗೆಳತಿಯರ ಎದುರು, "ನಮ್ಮವ್ವಗ ದಣಿವು ಅಂದ್ರ ಏನಂತ ಗೊತ್ತಿಲ್ಲ" ಎಂದು ಕೊಚ್ಚಿಕೊಂಡದ್ದು ಇನ್ನೂ ನೆನಪಿದೆ.

ಕೊನೆಯ ವರ್ಷ ಅವ್ವ ನನ್ನ ಮನೆಯಲ್ಲಿದ್ದಳು. ಏಳಲು ಆಗದಾದಾಗ ಮೊದಲ ಬಾರಿಗೆ ಅವಳ ಕಾಲಿಗೆ ಎಣ್ಣೆ ಹಚ್ಚಲು ಕುಳಿತೆ. ಹಿಮ್ಮಡಿ ಬೇಸಿಗೆಯ ಕೆರೆಯ ಹಾಗೆ ಬಿರುಕುಬಿಟ್ಟಿತ್ತು. ಮೊಣಕಾಲಿನ ಕೆಳಗೆ ನರಗಳು ಗಂಟುಗಂಟಾಗಿ ಎದ್ದಿದ್ದವು. ಎಡಗಾಲಿನ ಎರಡು ಬೆರಳು ಒಂದರ ಮೇಲೊಂದು ಏರಿ ಸೊಟ್ಟಗಾಗಿದ್ದವು. ನನಗೆ ಐವತ್ತು ಹತ್ತಿರ ಬಂದಿತ್ತು, ಅವ್ವನ ಕಾಲನ್ನು ನಾನು ನೋಡಿಯೇ ಇರಲಿಲ್ಲ. ಹಬ್ಬಕ್ಕೊಮ್ಮೆ ಮುಟ್ಟಿ ನಮಸ್ಕಾರ ಮಾಡಿದ್ದೆ, ಅಷ್ಟೇ.

"ಯಾವಾಗಿಂದ ನೋಯ್ತಾವಬೇ ಇವು?" ಎಂದೆ.

"ನೀ ಹುಟ್ಟೂಕಿಂತ ಮೊದಲಿಂದ."

"ಮತ್ತ ಹೇಳಬಾರದಾ?"

"ಯಾರರ ಕೇಳಿದ್ರ ಹೇಳ್ತಿದ್ದೆ" ಎಂದಳು ಅವ್ವ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಇರಲಿ, ಹಕ್ಕಿಯ ಕಥೆಗೆ ಬರುತ್ತೇನೆ. ವಾಲೇಸ್ 1862ರಲ್ಲಿ ಎರಡು ಗಂಡು ಹಕ್ಕಿಗಳನ್ನು ಸಿಂಗಪುರದಲ್ಲಿ ಕೊಂಡು ಜೀವಂತ ಲಂಡನ್ನಿಗೆ ಒಯ್ದ. ಇಬ್ಬನಿ ಕುಡಿದು ಬದುಕುವ ಹಕ್ಕಿಗೆ ಅವನು ತಿನ್ನಿಸಿದ್ದು ಅನ್ನ, ಬಾಳೆಹಣ್ಣು ಮತ್ತು ಜಿರಲೆ! ಮಾಲ್ಟಾ ದ್ವೀಪದ ಒಂದು ಬೇಕರಿಯಲ್ಲಿ ಜಿರಲೆ ಹಿಡಿದು, ಬಿಸ್ಕತ್ತಿನ ಡಬ್ಬಗಳಲ್ಲಿ ತುಂಬಿಕೊಂಡು ಮುಂದಿನ ಪ್ರಯಾಣ ಮಾಡಿದನಂತೆ. ಲಂಡನ್ನಿನ ಮೃಗಾಲಯದಲ್ಲಿ ಜನ ಈ ಹಕ್ಕಿ ತನ್ನ ಗಟ್ಟಿಮುಟ್ಟಾದ ಕಾಲುಗಳ ಮೇಲೆ ನಿಂತದ್ದನ್ನು ನೋಡಿದರು.

ಆದರೆ ಅಷ್ಟು ಹೊತ್ತಿಗೆ ಇನ್ನೊಂದು ಕಾಟ ಶುರುವಾಗುತ್ತಿತ್ತು. ಯುರೋಪು, ಅಮೆರಿಕಾಗಳ ಹೆಂಗಸರ ಟೋಪಿಯ ಮೇಲೆ ಗರಿ ಏರಿತು. ಬರೀ ಗರಿಯಲ್ಲ, ಇಡೀ ಹಕ್ಕಿಯನ್ನೇ ಒಣಗಿಸಿ ಕೂಡಿಸುತ್ತಿದ್ದರು. 1886ರಲ್ಲಿ ಚಾಪ್‌ಮನ್ ಎಂಬ ಪಕ್ಷಿತಜ್ಞ ನ್ಯೂಯಾರ್ಕಿನ ಬೀದಿಗಳಲ್ಲಿ ಎರಡು ಮಧ್ಯಾಹ್ನ ಅಡ್ಡಾಡಿ 700 ಟೋಪಿ ಎಣಿಸಿದ. ಅವುಗಳಲ್ಲಿ 542 ಟೋಪಿಗಳ ಮೇಲೆ ಹಕ್ಕಿಗಳ ಗರಿಯಿತ್ತು. ಸ್ವರ್ಗದ ಹಕ್ಕಿಯ ಗರಿಯೆಂದರೆ ಎಲ್ಲಕ್ಕಿಂತ ಮೇಲು. ಲಂಡನ್ನಿನ ಹರಾಜುಕಟ್ಟೆಗಳಲ್ಲಿ ಅದರ ಚರ್ಮಗಳು ಸಾವಿರಗಟ್ಟಲೆ ಮಾರಾಟವಾದವು. ನಮ್ಮ ನೆರೆಯ ನೇಪಾಳದ ಅರಸರ ಕಿರೀಟದ ನೆತ್ತಿಯಿಂದ ಹಿಂದಕ್ಕೆ ಬಾಗಿದ ಗರಿಯ ಗೊಂಚಲನ್ನು ಹಳೆಯ ಪತ್ರಿಕೆಗಳಲ್ಲಿ ನೀವೂ ನೋಡಿರಬಹುದು. ಅದೂ ಇದೇ ಹಕ್ಕಿಯದು. 2008ರಲ್ಲಿ ಅಲ್ಲಿ ಅರಸೊತ್ತಿಗೆ ಹೋಯಿತು.

ಪಾಪದ ಹೊರೆಯನ್ನು ಎಲ್ಲರೂ ಹೆಂಗಸರ ತಲೆಗೆ ಕಟ್ಟಿದರು. ಟೋಪಿ ಅವರದೇ ಆದ್ದರಿಂದ ಪೂರ್ತಿ ಸುಳ್ಳೆಂದೂ ಹೇಳುವಂತಿಲ್ಲ. ಆದರೆ ಅದನ್ನು ನಿಲ್ಲಿಸಲು ಮೊದಲು ಸೊಂಟ ಕಟ್ಟಿದವರೂ ಹೆಂಗಸರೇ ಎಂಬುದನ್ನು ಹೇಳುವವರು ಕಡಿಮೆ. 1889ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಎಮಿಲಿ ವಿಲಿಯಮ್ಸನ್ ಎಂಬಾಕೆ ತನ್ನ ಮನೆಯಲ್ಲೇ ಗೆಳತಿಯರನ್ನು ಕೂಡಿಸಿ ಸಂಘ ಕಟ್ಟಿದಳು. ಅಂದಿನ ಗಂಡಸರ ಪಕ್ಷಿಶಾಸ್ತ್ರದ ಸಂಘಕ್ಕೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಇವರ ನಿಯಮ ಸರಳ: ಆಹಾರಕ್ಕಾಗಿ ಕೊಂದದ್ದಲ್ಲದ ಯಾವ ಹಕ್ಕಿಯ ಗರಿಯನ್ನೂ ಮುಡಿಯುವುದಿಲ್ಲ, ಉಷ್ಟ್ರಪಕ್ಷಿಯದೊಂದನ್ನು ಬಿಟ್ಟು. ಲಂಡನ್ನಿನ ಕಡೆ ಎಟಾ ಲೆಮನ್ ಎಂಬ ಇನ್ನೊಬ್ಬಳಿದ್ದಳು. ಚರ್ಚಿನಲ್ಲಿ ಯಾರು ಯಾರು ಗರಿ ಮುಡಿದು ಬಂದಿದ್ದಾರೆಂದು ನೋಡಿಟ್ಟುಕೊಂಡು, ಆ ಗರಿಗಾಗಿ ಹಕ್ಕಿ ಹೇಗೆ ಸತ್ತಿತೆಂದು ಅವರವರ ಮನೆಗೆ ಪತ್ರ ಬರೆಯುತ್ತಿದ್ದಳಂತೆ. ಎಷ್ಟು ಮನೆಗಳ ಬೈಗುಳ ತಿಂದಳೋ! 1891ರಲ್ಲಿ ಇವರೆಲ್ಲ ಒಂದಾದರು. 1904ರಲ್ಲಿ ಅವರ ಸಂಘಕ್ಕೆ ರಾಜಮನ್ನಣೆ ಸಿಕ್ಕಿತು. ಅಮೆರಿಕಾದ ಬೋಸ್ಟನ್ನಿನಲ್ಲಿ 1896ರಲ್ಲಿ ಹ್ಯಾರಿಯೆಟ್ ಹೆಮನ್‌ವೇ ಮತ್ತು ಮಿನಾ ಹಾಲ್ ಎಂಬ ಬಂಧುಗಳಿಬ್ಬರು ಸಿರಿವಂತ ಹೆಂಗಸರನ್ನು ಚಹಾಕ್ಕೆ ಕರೆದು ಕರೆದು, ಗರಿ ಬಿಡುವಂತೆ ಒಲಿಸಿದರು. ಚಹಾದ ಕೂಟದಿಂದ ಏನಾದೀತು ಎನ್ನುವವರಿಗೆ ಉತ್ತರವೆಂಬಂತೆ 1913ರಲ್ಲಿ ಅಮೆರಿಕಾ ಕಾಡುಹಕ್ಕಿಗಳ ಗರಿಯ ಆಮದನ್ನು ನಿಲ್ಲಿಸಿತು.

ನಮ್ಮ ದೇಶದ ಸಂಗತಿಯೂ ಇದರಲ್ಲಿದೆ. ಇಲ್ಲಿಂದಲೂ ಬಣ್ಣದ ಹಕ್ಕಿಗಳ ಗರಿ ಲಂಡನ್ನಿಗೆ ಹೋಗುತ್ತಿದ್ದವು. 1902ರಲ್ಲೇ, ಕರ್ಜನ್ ವೈಸ್‌ರಾಯ್ ಆಗಿದ್ದಾಗ, ಅವುಗಳ ರಫ್ತಿಗೆ ಇಲ್ಲಿ ನಿಷೇಧ ಬಂತು. ಮರುವರ್ಷದ ದಿಲ್ಲಿ ದರ್ಬಾರಿನಲ್ಲಿ ಕರ್ಜನ್ನನ ಹೆಂಡತಿ ಉಟ್ಟ ನವಿಲುಗರಿಯ ಉಡುಪು ಜಗತ್ತಿಗೆಲ್ಲ ಹೆಸರಾಯಿತು. ಆದರೆ ಅದರ ಮೇಲಿದ್ದದ್ದು ನವಿಲಿನ ಗರಿಯಲ್ಲ, ದಿಲ್ಲಿಯ ಕಸೂತಿಗಾರರು ಜರಿಯಲ್ಲಿ ತೆಗೆದ ಗರಿಯ ಚಿತ್ತಾರ. ಗರಿಗಳ ನಡುವಿನ ಕಣ್ಣಿಗೆ ಜೀರುಂಡೆಯ ರೆಕ್ಕೆ ಕೂಡಿಸಿದ್ದರು. ಹಕ್ಕಿ ಪಾರಾಯಿತು, ಜೀರುಂಡೆ ಸಿಕ್ಕಿಬಿತ್ತು.

ಇಂಗ್ಲೆಂಡಿನಲ್ಲಿ ಮಾತ್ರ ಮಸೂದೆ ವರ್ಷಗಟ್ಟಲೆ ಎಳೆದಾಡಿತು. 1920ರಲ್ಲಿ ಒಬ್ಬ ಪತ್ರಕರ್ತ, ಹೆಂಗಸರಿಗೆ ಗರಿ ಬೇಕಾದದ್ದರಿಂದಲೇ ಹಕ್ಕಿಗಳು ಸಾಯುತ್ತಿವೆ ಎಂದು ಬರೆದ. ಅದಕ್ಕೆ ಲೇಖಕಿ ವರ್ಜೀನಿಯಾ ವುಲ್ಫ್ ಒಂದು ಹೆಂಗಸರ ಪತ್ರಿಕೆಯಲ್ಲಿ ಉತ್ತರ ಕೊಟ್ಟಳು. ಹಕ್ಕಿಯನ್ನು ಕೊಲ್ಲುವವರು ಗಂಡಸರು, ಲಾಭ ಎಣಿಸುವವರು ಗಂಡಸರು, ಮಸೂದೆಗೆ ಬೇಕಾದ ಕೋರಮ್ಮಿಗೂ ಬಂದು ಕೂಡದ ಸಭಾಸದರೂ ಗಂಡಸರೇ, ಬೈಗುಳ ಮಾತ್ರ ಹೆಂಗಸರಿಗೆ ಏಕೆ ಎಂಬುದು ಅವಳ ಪ್ರಶ್ನೆ. 1921ರಲ್ಲಿ ಕಡೆಗೂ ಕಾನೂನಾಯಿತು. ಮುಂದಿನ ವರ್ಷಗಳಲ್ಲಿ ಟೋಪಿಯ ಆಕಾರ ಬದಲಾಯಿತು, ಹೆಂಗಸರು ತಲೆಗೂದಲು ಕತ್ತರಿಸಿಕೊಂಡರು, ದೊಡ್ಡ ಗರಿಗೆ ಜಾಗವೇ ಉಳಿಯಲಿಲ್ಲ.

ಇಷ್ಟೆಲ್ಲ ಬೇಟೆಯಾದರೂ ಈ ಕುಲ ಅಳಿಯದೆ ಉಳಿದದ್ದಕ್ಕೆ ಒಂದು ಕಾರಣ ಆ ಕಂದು ಹೆಣ್ಣು. ಅವಳಲ್ಲಿ ಮಾರುವಂಥದ್ದು ಏನೂ ಇರಲಿಲ್ಲ, ಹಾಗಾಗಿ ಅವಳ ಮೇಲೆ ಯಾರೂ ಬಾಣ ಬಿಡಲಿಲ್ಲ. ಗರಿ ಬಾರದ ಎಳೆಯ ಗಂಡುಗಳೂ ಉಳಿದುಕೊಂಡವು. ಅವಳು ಪ್ರತಿ ವರ್ಷ ಸದ್ದಿಲ್ಲದೆ ಗೂಡು ಕಟ್ಟುತ್ತ ಹೋದಳು. ಇಂದಿನ ಭಯ ಟೋಪಿಯದಲ್ಲ, ಕೊಡಲಿಯದು. ಕಾಡು ಹೋದರೆ ಕುಣಿಯುವ ಮರವೂ ಇಲ್ಲ, ಗೂಡಿನ ಮರವೂ ಇಲ್ಲ.

ಮೂರು ವಾರದ ಮೇಲೆ ಮಕ್ಕಳಿಗೆ ಇದನ್ನೆಲ್ಲ ಹೇಳಿದೆ. ಪಟದಲ್ಲಿದ್ದ ಬಾವುಟದ ಕಥೆಯನ್ನೂ ಹೇಳಿದೆ. ಪಾಪುವಾ ನ್ಯೂಗಿನಿ ಸ್ವತಂತ್ರವಾದದ್ದು 1975ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ, 1971ರಲ್ಲಿ, ಅದರ ಬಾವುಟ ನಿಶ್ಚಯವಾಗಿತ್ತು. ಚಿತ್ರ ಬಿಡಿಸಿದವಳು ಸುಸಾನ್ ಕರಿಕೆ ಎಂಬ ಹದಿನೈದು ವರ್ಷದ ಶಾಲಾ ಹುಡುಗಿ. ಕೆಂಪಿನ ಮೇಲೆ ಹಳದಿಯ ಸ್ವರ್ಗದ ಹಕ್ಕಿ, ಕಪ್ಪಿನ ಮೇಲೆ ಬಿಳಿಯ ನಕ್ಷತ್ರಗಳು. "ನಿಮಗಿಂತ ಎರಡೇ ವರ್ಷ ದೊಡ್ಡಾಕಿ" ಎಂದಾಗ ಹುಡುಗಿಯರೆಲ್ಲ ತಿರುಗಿ ಪಟವನ್ನು ನೋಡಿದರು. ನಾನೂರೈವತ್ತು ವರ್ಷ ಹೊರಗಿನವರು ಬರೆದ ಆ ಹಕ್ಕಿಯನ್ನು, ಅದರದೇ ನಾಡಿನ ಹುಡುಗಿ ತಾನು ಕಂಡಂತೆ ಬರೆದಿದ್ದಳು.

ಮೊದಲು ಪ್ರಶ್ನೆ ಕೇಳಿದ ಹುಡುಗಿ ಮತ್ತೆ ಕೈ ಎತ್ತಿದಳು. "ಟೀಚರ್, ಅಷ್ಟು ವರ್ಷ ಕಾಲಿಲ್ಲ, ಕಾಲಿಲ್ಲ ಅಂದ್ರಲ್ರೀ. ಆ ದ್ವೀಪದಾಗ ಹಕ್ಕಿ ಹಿಡೀತಿದ್ದವರಿಗೆ ಕಾಲು ಇದ್ದದ್ದು ಗೊತ್ತೇ ಇತ್ತಲ್ಲ. ಅವರನ್ನ ಒಂದು ಮಾತು ಕೇಳಬಾರದಿತ್ತೇನ್ರೀ?"

ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿತ್ತು. ಬೆಳಗಿನಿಂದ ಅದು ನನ್ನ ಐದನೇ ಪಿರಿಯಡ್. ನಿಂತು ನಿಂತು ನನ್ನ ಮೊಣಕಾಲು ನೋಯುತ್ತಿದ್ದವು. ಕುರ್ಚಿ ಇದ್ದರೂ ಕುಳಿತು ಪಾಠ ಮಾಡುವುದು ನನಗೆ ರೂಢಿಯಿಲ್ಲ.

"ಕೇಳಬೇಕಿತ್ತವ್ವ" ಎಂದೆ. ಕುರ್ಚಿ ಎಳೆದುಕೊಂಡು ಕುಳಿತೆ. "ನನ್ನ ಕಾಲು ನೋಯಾಕ ಹತ್ಯಾವ. ಉಳಿದದ್ದನ್ನ ಕುಂತು ಹೇಳ್ತೀನಿ."